ವ್ರೂಲಾಕ್ಕೆ ಬರುವವರ ಗಮನಕ್ಕೆ

ಮನುಷ್ಯನ ಗುಣ ಕಣ್ಣಿನಲ್ಲಿದೆ ಎನ್ನುವವರಿದ್ದಾರೆ, ಹಣೆಯ ಮೇಲೆ ಬರೆದಿದೆ ಎನ್ನುವವರಿದ್ದಾರೆ. ವ್ರೂಲಾ ದ್ವೀಪದ ದೊಬ್ರಿಲಾಳ ಪ್ರಕಾರ ಅದು ಇರುವುದು ಕಾಲಿಗೆ ಹಾಕಿದ್ದರಲ್ಲಿ. ಈ ವಿದ್ಯೆ ಅವಳಿಗೆ ಸುಮ್ಮನೆ ಒಲಿದದ್ದಲ್ಲ. ಮದುವೆಗೆ ಮೊದಲು ಒಂದು ಬೇಸಿಗೆ ಅವಳು ಆಚೆ ದಡದ ಸ್ಪ್ಲಿಟ್ ಪಟ್ಟಣದ ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಕೂತು ಆಲೂಗಡ್ಡೆ ಸುಲಿದಿದ್ದಳು. ಅಲ್ಲಿದ್ದ ಒಂದೇ ಕಿಟಕಿ ರಸ್ತೆಯ ಮಟ್ಟಕ್ಕಿತ್ತು. ದೇಶದೇಶಗಳ ಪ್ರವಾಸಿಗಳೆಲ್ಲ ಅದರ ಮುಂದೆಯೇ ಹಾದುಹೋಗುತ್ತಿದ್ದರು, ಮೊಣಕಾಲಿನಿಂದ ಕೆಳಗೆ. ಬೇಸಿಗೆ ಮುಗಿಸಿ ಊರಿಗೆ ಬಂದವಳು "ಪ್ರವಾಸಿಗಳನ್ನ ನಾನು ಚೆನ್ನಾಗಿ ಬಲ್ಲೆ" ಎಂದಳು. ಎಷ್ಟು ಎತ್ತರದವರೆಗೆ ಎಂದು ಯಾರೂ ಕೇಳಲಿಲ್ಲ.

ಹೀಗಾಗಿ ಆ ಅಕ್ಟೋಬರಿನಲ್ಲಿ ಊರಿಗೆ ಸಂಕಟ ಬಂದಾಗ ಎಲ್ಲರ ಕಣ್ಣೂ ತನ್ನ ಕಡೆಗೇ ತಿರುಗಬೇಕು ಎಂದು ಅವಳಿಗನ್ನಿಸಿದ್ದರಲ್ಲಿ ತಪ್ಪೇನಿಲ್ಲ. ಸಂಕಟವೆಂದರೆ ಹಡಗಿನದು. ಚಳಿಗಾಲದಲ್ಲಿ ವ್ರೂಲಾಕ್ಕೆ ಹೋಗಿಬರುವವರು ಕಡಿಮೆ, ಆದ್ದರಿಂದ ಮುಂದಿನ ತಿಂಗಳಿನಿಂದ ಬೇಸಿಗೆಯವರೆಗೆ ಹಡಗನ್ನು ಅಲ್ಲಿ ನಿಲ್ಲಿಸುವುದು ಬೇಡವೆಂದು ಹಡಗಿನ ಕಂಪನಿ ಯೋಚಿಸುತ್ತಿತ್ತು. ಕೊನೆಯ ಮಾತು ಹೇಳಲು ಗುರುವಾರದ ಹಡಗಿನಲ್ಲಿ ಕಂಪನಿಯ ಒಬ್ಬ ಮನುಷ್ಯ ಬರುವವನಿದ್ದ.

ಊರಿಗೆ ಅದು ಹಿಟ್ಟು, ಸೀಮೆಎಣ್ಣೆ, ಹಲ್ಲುನೋವಿನ ಪ್ರಶ್ನೆ. ದೊಬ್ರಿಲಾಳಿಗೆ ಅದಷ್ಟೇ ಆಗಿರಲಿಲ್ಲ. ಸ್ಪ್ಲಿಟ್‌ನಲ್ಲಿದ್ದ ಮಗಳು ಯಾಸ್ನಾಳಿಗೆ ಫೆಬ್ರವರಿಯಲ್ಲಿ ಚೊಚ್ಚಲ ಹೆರಿಗೆ. ದೊಬ್ರಿಲಾಳ ಚೊಚ್ಚಲ ಹೆರಿಗೆಯಲ್ಲಿ ಅವಳ ತಾಯಿ ಆಚೆ ದಡದಲ್ಲಿ ಸಿಕ್ಕಿಬಿದ್ದು, ಕಣ್ಣು ತೆರೆದಾಗಲೆಲ್ಲ ಅತ್ತೆಯ ಮುಖವೇ ಕಂಡಿತ್ತು. ಆ ಮುಖದ ಬಗ್ಗೆ ಅವಳು ಇಷ್ಟು ವರ್ಷ ಯಾರ ಹತ್ತಿರವೂ ಏನೂ ಹೇಳಿರಲಿಲ್ಲ. ಮಗಳಿಗೆ ಹಾಗಾಗಬಾರದು ಎಂದು ಮಾತ್ರ ತೀರ್ಮಾನಿಸಿದ್ದಳು.

ಎಣ್ಣೆ ಗಾಣದ ಸಂಘದ ಹಜಾರದಲ್ಲಿ ಸಭೆ ಸೇರಿತು. ಊರಿನ ಮುಖಂಡ ಬೆಪೊ ಎದ್ದು ನಿಂತ.

"ಹಡಗು ಬರ್ಬೇಕಾದ್ರೆ ಚಳಿಗಾಲದಲ್ಲೂ ಪ್ರವಾಸಿಗಳು ಬರ್ಬೇಕು. ಅವರು ಬರ್ಬೇಕಾದ್ರೆ ಇಲ್ಲಿ ಹೇಗಿರ್ಬೇಕು ಅಂತ ಅವ್ರಿಗೆ ಹೇಳ್ಬೇಕು. ಬೇರೆ ದ್ವೀಪಗಳಲ್ಲೆಲ್ಲ ಹಡಗುಕಟ್ಟೆ ಮೇಲೆ ಬೋರ್ಡ್ ಇದೆ. ನಮ್ಮಲ್ಲಿ ಏನಿದೆ? ಬೆಕ್ಕಿದೆ."

"ಬೋರ್ಡ್ ನಾನು ಬರೀತೀನಿ" ಎಂದಳು ದೊಬ್ರಿಲಾ.

ಅವಳ ನಾದಿನಿ ಲೂಚೆ ಪಕ್ಕದವಳ ಭುಜ ತಟ್ಟಿದಳು. "ಬರೀಲಿ ಬಿಡಿ. ನಮ್ಮತ್ತಿಗೆ ಹೋಟೆಲಲ್ಲಿ ಮ್ಯಾನೇಜರ್ ಆಗಿದ್ದೋಳು. ಆಲೂಗಡ್ಡೆಗಳಿಗೆ."

ಸಭೆ ನಕ್ಕಿತು. ದೊಬ್ರಿಲಾ ಮಾತ್ರ ಲೂಚೆಯ ಚಪ್ಪಲಿಯ ಹಿಮ್ಮಡಿ ಸವೆದದ್ದನ್ನು ಒಂದು ಸಲ ನೋಡಿ, ಮನಸ್ಸಿನಲ್ಲಿಯೇ ಲೆಕ್ಕ ಚುಕ್ತಾ ಮಾಡಿಕೊಂಡಳು.

ಬರೆಯುವುದು ಒಬ್ಬಳು ಎಂದಾದರೂ ಹೇಳುವವರು ಊರೆಲ್ಲ. ಪಾದ್ರಿ ದೊನ್ ಫ್ರಾನೆ, ಮಧ್ಯಾಹ್ನ ಊಟವಾದ ಮೇಲೆ ಯಾರೂ ಸದ್ದು ಮಾಡಬಾರದೆಂದು ಬರೆಸಿದರು. ಅವರ ನಿದ್ದೆ ಬಹಳ ತೆಳು. ಲೂಚೆ, ಅತಿಥಿಯಾದವನು ಅಡುಗೆಮನೆಗೆ ಬಂದರೆ ಕೈಕಟ್ಟಿ ಕೂರಬಾರದೆಂದಳು. ಬೆಪೊ, ಮನೆಯಲ್ಲಿ ಇಳಿಸಿದ ರಾಕಿಯಾ ಸಾರಾಯಿ ಕೊಟ್ಟರೆ ಮರ್ಯಾದೆಗೆ ಒಂದು ಸಲ ಬೇಡವೆಂದು ಎರಡನೆಯ ಸಲ ಕುಡಿಯಬೇಕು, ಮೂರನೆಯ ಲೋಟ ಬರಿದಾಗುವ ಮೊದಲು ಕೆಲಸದ ಮಾತೆತ್ತಬಾರದು ಎಂದ. ಎದುರುಬದುರಿನ ಎರಡು ಕಿಟಕಿಗಳನ್ನು ಒಟ್ಟಿಗೆ ತೆಗೆಯಬಾರದೆಂದು ಎಲ್ಲ ಹೆಂಗಸರೂ ಒಂದೇ ದನಿಯಲ್ಲಿ ಹೇಳಿದರು. ಅಡ್ಡಗಾಳಿ ಹೊಡೆದು ಸತ್ತವರು ಊರ ಸ್ಮಶಾನದಲ್ಲಿ ಸಾಲಾಗಿ ಮಲಗಿದ್ದಾರೆ, ಬೇಕಾದರೆ ಹೋಗಿ ಕೇಳಬಹುದು.

ಕಡೆಯಲ್ಲಿ ದೊಬ್ರಿಲಾಳ ಗಂಡ ಶಿಮೆ ಕೆಮ್ಮಿದ. ಅವನು ಸಭೆಯಲ್ಲಿ ಕೆಮ್ಮಿದ್ದೇ ಹೆಚ್ಚು.

"ಯೂಗೊ ವಿಷ್ಯ ಹಾಕು" ಎಂದ.

ಯೂಗೊ ಎಂದರೆ ದಕ್ಷಿಣದಿಂದ ಬರುವ ಬೆಚ್ಚನೆಯ ಒದ್ದೆ ಗಾಳಿ. ಅದು ಬೀಸಿದಾಗ ಕಡಲು ಏಳುತ್ತದೆ, ಕೀಲು ನೋಯುತ್ತದೆ, ಹಾಲು ಒಡೆಯುತ್ತದೆ, ಒಳ್ಳೆಯವರೂ ಕೆಟ್ಟ ಮಾತಾಡುತ್ತಾರೆ. ಆದ್ದರಿಂದ ಯೂಗೊ ಇರುವಾಗ ವ್ರೂಲಾದಲ್ಲಿ ಯಾರೂ ಹೆಣ್ಣು ಕೇಳುವುದಿಲ್ಲ, ಜಮೀನು ಮಾರುವುದಿಲ್ಲ, ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ. ಆಗ ಆಡಿದ ಮಾತು ಲೆಕ್ಕಕ್ಕಿಲ್ಲ. ಅಜ್ಜಂದಿರ ಕಾಲದಿಂದ ಬಂದ ಕಟ್ಟು ಅದು. ಶಿಮೆ ತನ್ನ ಸಂಸಾರವನ್ನು ನಡೆಸಿಕೊಂಡು ಬಂದಿದ್ದೇ ಆ ಒಂದು ಕಟ್ಟಿನ ಮೇಲೆ. ಎಂಥ ಜಗಳವಾದರೂ ಮಾರನೆಯ ಬೆಳಿಗ್ಗೆ "ನಿನ್ನೆ ಯೂಗೊ ಇತ್ತಲ್ಲ" ಎಂದುಬಿಟ್ಟರೆ ಮುಗಿಯಿತು, ಕಾಫಿ ಬರುತ್ತಿತ್ತು.

ಹಳೆಯ ದೋಣಿಯ ಹಲಗೆಗೆ ನೀಲಿ ಬಣ್ಣ ಬಳಿದು, ಬಿಳಿ ಅಕ್ಷರದಲ್ಲಿ "ವ್ರೂಲಾಕ್ಕೆ ಬರುವವರ ಗಮನಕ್ಕೆ" ಎಂದು ಬರೆದು, ಬೋರ್ಡು ನಿಂತಿತು. ಮೊದಲ ಸಾಲು ದೊಬ್ರಿಲಾಳ ಸ್ವಂತದ್ದು: "ಹಡಗಿನ ವೇಳೆ ಪಕ್ಕದ ಗೋಡೆಯ ಮೇಲಿದೆ. ಸಮುದ್ರಕ್ಕೆ ಓದಲು ಬರುವುದಿಲ್ಲ." ಕಡೆಯ ಸಾಲು ಶಿಮೆ ಹೇಳಿದ ಯೂಗೊದ್ದು. ಒಟ್ಟಿನಲ್ಲಿ ಅದು ಪ್ರವಾಸಿಗಳಿಗೆ ಕೊಟ್ಟ ಸಲಹೆಯ ಹಾಗಿರಲಿಲ್ಲ, ಹೊಸ ಸೊಸೆಗೆ ಅತ್ತೆ ಹೊಸ್ತಿಲಲ್ಲೇ ಹೇಳುವ ಮಾತಿನ ಹಾಗಿತ್ತು.

ಗುರುವಾರ ಬಂತು. ಆಕಾಶ ಹಳದಿಗಟ್ಟಿತ್ತು, ಕಡಲು ಒಳಗೊಳಗೇ ಗೊಣಗುತ್ತಿತ್ತು. ಹಡಗಿನಿಂದ ಇಳಿದವರು ಇಬ್ಬರೇ. ದೊಬ್ರಿಲಾ ಮುಖ ನೋಡಲಿಲ್ಲ, ನೇರ ಕೆಳಗೆ ನೋಡಿದಳು. ಒಬ್ಬನ ಕಾಲಲ್ಲಿ ಕರಿಯ ಬೂಟು. ಅದರಲ್ಲಿ ತಲೆ ಬಾಚಿಕೊಳ್ಳಬಹುದಿತ್ತು, ಅಷ್ಟು ಹೊಳಪು. ಇನ್ನೊಬ್ಬನ ಕಾಲಲ್ಲಿ ಬೂದು ಸಾಕ್ಸು, ಸಾಕ್ಸಿನ ಮೇಲೆ ಸ್ಯಾಂಡಲ್ಲು.

"ಬೂಟು ಕಂಪನಿ" ಎಂದಳು ಲೂಚೆಯ ಕಿವಿಯಲ್ಲಿ. "ಸ್ಯಾಂಡಲ್ಲು ಪ್ರವಾಸಿ. ಈ ಜಾತೀನ ನಾನು ಬಲ್ಲೆ. ಸೂಪು ತಣ್ಣಗಿದೆ ಅಂತ ವಾಪಸ್ ಕಳ್ಸೋದು, ಬಿಸಿ ಮಾಡಿ ಕೊಟ್ರೆ ನಾಲಿಗೆ ಸುಟ್ಕೊಳ್ಳೋದು."

ಸತ್ಯ ಏನೆಂದರೆ, ಬೂಟಿನವರು ದ್ರಾಗುತಿನ್. ಒಳನಾಡಿನ ಪಟ್ಟಣವೊಂದರ ಹೋಟೆಲಿನಲ್ಲಿ ಜೀವಮಾನವೆಲ್ಲ ಬಡಿಸಿ ನಿವೃತ್ತರಾದ ಮಾಣಿ. ಹುಟ್ಟಿದ ಮೇಲೆ ಮೊದಲ ಬಾರಿಗೆ ರಜೆಗೆಂದು ಹೊರಟವರು. ಸ್ಯಾಂಡಲ್ಲಿನವನು ಮ್ಲಾಡೆನ್. ಝಾಗ್ರೆಬ್‌ನಿಂದ ಬಂದು ಕಂಪನಿಗೆ ಸೇರಿ ಸ್ವಲ್ಪ ಕಾಲವಾಗಿತ್ತು. ಹೊಸ ಬೂಟು ಕಚ್ಚಿ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿದ್ದರಿಂದ ಸ್ಯಾಂಡಲ್ಲು ತೊಟ್ಟಿದ್ದ. ಚಪ್ಪಲಿಶಾಸ್ತ್ರದಲ್ಲಿ ಬೊಕ್ಕೆಗೆ ಅಧ್ಯಾಯವಿರಲಿಲ್ಲ.

ಮ್ಲಾಡೆನ್ ನೇರ ದೊಬ್ರಿಲಾಳ ಹತ್ತಿರವೇ ಬಂದ. "ನಮಸ್ಕಾರ ಅಮ್ಮಾ. ನಾನು ಹಡಗಿನ ವಿಷ್ಯಕ್ಕೆ—"

"ಮುಂದಿನ ಹಡಗು ಶನಿವಾರ. ವೇಳೆ ಎಲ್ಲಿದೆ ಅಂತ ಮೊದಲ್ನೇ ಸಾಲಲ್ಲೇ ಇದೆ, ಓದಿ."

"ಅದಲ್ಲ, ನಾನು ಕೆಲಸದ ಮೇಲೆ—"

"ಮೂರನೇ ಲೋಟ ಆಗೋವರ್ಗೂ ಕೆಲಸದ ಮಾತಿಲ್ಲ. ಅದೂ ಇದೆ. ಜೋರಾಗಿ ಓದಿ, ನಂಗೂ ಕೇಳ್ಲಿ."

ತಾಯಿಯ ಮಾತು ಕೇಳಿ ಬೆಳೆದ ಗಂಡಸು ಅವನು. ಆ ದನಿಗೆ ಅವನ ಬೆನ್ನು ತಾನಾಗಿ ನೆಟ್ಟಗಾಯಿತು. ಮೊದಲಿನಿಂದ ಕಡೆಯವರೆಗೆ ಜೋರಾಗಿ ಓದಿದ.

"ಒಪ್ಪಿಗೆಯಾ?"

"ಒಪ್ಪಿಗೆ" ಎಂದ ಮ್ಲಾಡೆನ್. ಈ ಒಂದು ಮಾತು ಮುಂದೆ ಅವನ ಕೊರಳಿಗೇ ಬರಲಿತ್ತು.

ದೊಬ್ರಿಲಾ ಬಾಡಿಗೆಗೆ ಕೊಡುತ್ತಿದ್ದ ಕೋಣೆಗಳು ಎರಡು. ಕಡಲಿಗೆ ಮುಖ ಮಾಡಿದ ಮೇಲಿನ ಕೋಣೆಯಲ್ಲಿ, ಯಾಸ್ನಾಳ ಮದುವೆಗೆಂದು ಕಸೂತಿ ಹಾಕಿದ ಹೊದಿಕೆ ಹಾಸಿ, ದ್ರಾಗುತಿನರನ್ನು ಕೂರಿಸಿದಳು. ಹಿಂದಿನ ಕೋಣೆ ಕೋಳಿಗೂಡಿಗೆ ಅಂಟಿಕೊಂಡಿತ್ತು, ಅದು ಮ್ಲಾಡೆನ್‌ಗೆ.

ರಾತ್ರಿಯ ಊಟಕ್ಕೆ ಕಬ್ಬಿಣದ ಮುಚ್ಚಳದ ಮೇಲೆ ಕೆಂಡ ಸುರಿದು ಬೇಯಿಸಿದ ಆಕ್ಟೋಪಸ್, ಅಂಜೂರ, ಮನೆಯ ಸಿಹಿ ದ್ರಾಕ್ಷಾರಸ, ಎಲ್ಲವೂ ದ್ರಾಗುತಿನರ ಮುಂದೆ ಬಂತು. ಅವರು ಗಾಬರಿಯಾದರು. ಜೀವನದಲ್ಲಿ ತಟ್ಟೆಯ ಈ ಬದಿಯಲ್ಲಿ ಅವರು ಕೂತದ್ದೇ ಇಲ್ಲ. ತುತ್ತು ನುಂಗಿದ ತಕ್ಷಣ ಎದ್ದು, ಎಲ್ಲರ ತಟ್ಟೆಗಳನ್ನೂ ಒಂದೇ ತೋಳಿನ ಮೇಲೆ ಜೋಡಿಸಿಕೊಂಡು ಅಡುಗೆಮನೆಗೆ ಹೊರಟರು.

"ನೋಡಿದ್ಯಾ?" ಶಿಮೆಗೆ ಪಿಸುಗುಟ್ಟಿದಳು ದೊಬ್ರಿಲಾ. "ಎಷ್ಟು ದೊಡ್ಡ ಮನುಷ್ಯ, ಎಷ್ಟು ವಿನಯ!"

"ಒಂದೇ ತೋಳಿನ ಮೇಲೆ ಆರು ತಟ್ಟೆ" ಎಂದ ಶಿಮೆ.

"ಕಂಪನಿ ನಡೆಸೋರು ಅಂದ್ರೆ ಸುಮ್ನೇನಾ?"

ಅವಳು ಅಲ್ಲಿಯೇ ಕೈ ಒರೆಸಿಕೊಂಡು ಅವರ ಮುಂದೆ ನಿಂತಳು. "ಸ್ವಾಮಿ, ನಮಗೆ ಚಳಿಗಾಲದಲ್ಲೂ ಹಡಗು ಬೇಕು."

ಹೆಂಗಸೊಬ್ಬಳು ಮುಂದೆ ನಿಂತು ಏನಾದರೂ ಬೇಕೆಂದರೆ ದ್ರಾಗುತಿನರಿಗೆ ಗೊತ್ತಿದ್ದದ್ದು ಒಂದೇ ಉತ್ತರ. ನಡು ಬಗ್ಗಿಸಿ ಹೇಳಿದರು: "ಖಂಡಿತ ಅಮ್ಮಾವ್ರೇ. ಈಗಲೇ."

ಆ ಉತ್ತರ ಬೆಳಗಾಗುವುದರೊಳಗೆ ಊರನ್ನು ಮೂರು ಸುತ್ತು ಹಾಕಿತು. ಶುಕ್ರವಾರ ದ್ರಾಗುತಿನರು ಹೊರಗೆ ಹೆಜ್ಜೆಯಿಟ್ಟಲ್ಲೆಲ್ಲ ಜನ. ಬೆಪೊ ಹಡಗುಕಟ್ಟೆಗೆ ದೀಪ ಕೇಳಿದ: ಖಂಡಿತ, ಈಗಲೇ. ದೊನ್ ಫ್ರಾನೆ, ಮಧ್ಯಾಹ್ನ ಹಡಗು ಸೀಟಿ ಊದದಿರಲಿ ಎಂದರು: ಖಂಡಿತ ಸ್ವಾಮಿ, ಈಗಲೇ. ಲೂಚೆ ತನ್ನ ಆಡುಗಳನ್ನು ಪುಕ್ಕಟೆ ಸಾಗಿಸಬೇಕೆಂದಳು. "ಜೊತೆಗೆ ಇನ್ನೇನಾದರೂ, ಅಮ್ಮಾವ್ರೇ?" ಎಂದರು ದ್ರಾಗುತಿನರು.

ಇತ್ತ ಮ್ಲಾಡೆನ್ ಪ್ರಯತ್ನ ಬಿಟ್ಟಿರಲಿಲ್ಲ. ಮೊದಲ ದಿನ ಮೂರನೆಯ ಲೋಟ ಮುಗಿಸಿಯೇ ತೀರಿದ್ದ, ಆದರೆ ಅಷ್ಟರಲ್ಲಿ ಯಾವ ಕೆಲಸಕ್ಕೆ ಬಂದದ್ದೆಂದು ಮರೆತು ಕೋಳಿಗಳಿಗೆ ಶುಭರಾತ್ರಿ ಹೇಳಿ ಮಲಗಿದ್ದ. ಶುಕ್ರವಾರ ಸೆಕೆಗೆ ತಾಳಲಾರದೆ ಎರಡೂ ಕಿಟಕಿ ತೆಗೆದ. ದೊಬ್ರಿಲಾ ಓಡಿಬಂದು ಎರಡನ್ನೂ ಮುಚ್ಚಿ, ಅವನ ಕತ್ತಿಗೆ ಉಣ್ಣೆಯ ಬಟ್ಟೆ ಸುತ್ತಿದಳು. ಮಧ್ಯಾಹ್ನ ಬಾಯಿ ತೆರೆದದ್ದೇ ತಡ, ಪಾದ್ರಿಗಳ ಮನೆಯ ಕಡೆಯಿಂದ "ಶ್!" ಎಂದು ಕೇಳಿಸಿತು. ಕಡೆಗೆ ಅವಳ ಹಿಂದೆಯೇ ಅಡುಗೆಮನೆಗೆ ಬಂದ. ಅಡುಗೆಮನೆಗೆ ಬಂದವನು ಕೈಕಟ್ಟಿ ಕೂರುವ ಹಾಗಿರಲಿಲ್ಲ. ಮುಂದೆ ಒಂದು ಬುಟ್ಟಿ ಭೂತಾಯಿ ಮೀನು ಬಂತು.

"ತಲೆ ಹೀಗೆ ಚಿವುಟಿ, ಕರುಳು ಹೀಗೆ ಎಳೀರಿ" ಎಂದು ತೋರಿಸಿಕೊಟ್ಟಳು ದೊಬ್ರಿಲಾ. "ಆ ಕಂಪನಿಯವ್ರ ತಲೆ ಚಿವುಟಿದ್ರೆ ಕರುಳೂ ಬರಲ್ಲ. ಇರೋದೇ ಇಲ್ಲ. ಮೇಲಿರೋ ಯಜಮಾನರು ಒಬ್ರು ಬಿಟ್ಟು. ಮಿಕ್ಕೋರ ತಲೇಲಿ ಮಿದುಳಿಲ್ಲ, ನೆನೆಸಿಟ್ಟ ಬ್ರೆಡ್ಡು. ಯಾವನೋ ಒಬ್ಬ ಅಲ್ಲೆಲ್ಲೋ ಕುರ್ಚಿ ಮೇಲೆ ಕೂತು, ವ್ರೂಲಾಗೆ ಚಳಿಗಾಲದಲ್ಲಿ ಯಾರೂ ಹೋಗಲ್ಲ ಅಂತ ಗೀಚಿದ್ನಂತೆ. ಹೋಗೋರು ಯಾರೂ ಇಲ್ಲ, ಸರಿ. ಇಲ್ಲಿಂದ ಆಚೆ ಬರಬೇಕಾದೋರು ಇದ್ದಾರಲ್ಲ! ನನ್ನ ಮಗಳು ಹೆರ್ತಾಳೆ, ನಾನು ಇಲ್ಲಿಂದ ಈಜಿಕೊಂಡು ಹೋಗ್ಲಾ?"

ಗೀಚಿದವನು ಮೀನಿನ ಕರುಳನ್ನು ಬೆರಳಿಗೆ ಸುತ್ತಿಕೊಂಡು ಇನ್ನೊಂದು ಮೀನಿಗೆ ಕೈ ಹಾಕಿದ. ನಾನೇ ಅವನು ಎಂದು ಹೇಳುವುದಕ್ಕೆ ಅದು ತಕ್ಕ ಸಮಯವಾಗಿ ಕಾಣಲಿಲ್ಲ. ದೊಬ್ರಿಲಾಳ ಕೈಯಲ್ಲಿ ಚಾಕು ಇತ್ತು.

ಆ ಸಂಜೆ ಸಂಘದ ಹಜಾರದಲ್ಲಿ ದ್ರಾಗುತಿನರಿಗೆ ಸನ್ಮಾನ. ಹೊರಗೆ ಯೂಗೊ ಪೂರ್ತಿ ಎದ್ದಿತ್ತು. ಕಿಟಕಿಗಳೆಲ್ಲ ಮುಚ್ಚಿದ್ದವು, ಒಳಗೆ ಜನ ಬೆಂದ ಆಲೂಗಡ್ಡೆಯಂತೆ ಹಬೆಯಾಡುತ್ತಿದ್ದರು. ಬೆಪೊ ಭಾಷಣ ಮಾಡಿ, ಕಣ್ಣೊರೆಸಿಕೊಂಡು, "ಹಾಗಾದ್ರೆ ಯಜಮಾನ್ರೇ, ಚಳಿಗಾಲಕ್ಕೆ ಹಡಗು?" ಎಂದ.

"ಖಂಡಿತ. ಈಗಲೇ" ಎಂದರು ದ್ರಾಗುತಿನರು, ಖಾಲಿ ಲೋಟಗಳನ್ನು ಒಟ್ಟುಮಾಡುತ್ತ.

ಚಪ್ಪಾಳೆಗೆ ಹಜಾರದ ಸುಣ್ಣ ಉದುರಿತು. ಆಗ ಹಿಂದಿನ ಬೆಂಚಿನಿಂದ, ಕತ್ತಿಗೆ ಉಣ್ಣೆಯ ಬಟ್ಟೆ ಸುತ್ತಿದ್ದ, ಮೈಯೆಲ್ಲ ಮೀನು ನಾರುತ್ತಿದ್ದ ಮನುಷ್ಯನೊಬ್ಬ ಎದ್ದು ನಿಂತ.

"ಇವರು ಯಾರು ಅಂತ ನಂಗೊತ್ತಿಲ್ಲ. ಹಡಗಿನ ಕಂಪನಿಯಿಂದ ಬಂದೋನು ನಾನು!"

ಜನ ದ್ರಾಗುತಿನರ ಕಡೆ ನೋಡಿದರು. ಅವರು ಲೋಟಗಳನ್ನು ಎದೆಗವಚಿಕೊಂಡು, "ನಾನು ರಜೆಗೆ ಬಂದಿದ್ದೀನಿ. ಹೋಟೆಲಲ್ಲಿ ಮಾಣಿಯಾಗಿದ್ದೆ" ಎಂದರು. "ನೀವೆಲ್ಲ ಇಷ್ಟು ಪ್ರೀತಿಯಿಂದ ಕೇಳ್ತಿದ್ರಿ. ಇಲ್ಲ ಅಂತ ಹೇಗನ್ಲಿ? ಗಿರಾಕಿಗೆ ಇಲ್ಲ ಅಂದು ಅಭ್ಯಾಸ ಇಲ್ಲ."

"ನನ್ನ ಆಡುಗಳು!" ಎಂದು ಕಿರುಚಿದಳು ಲೂಚೆ.

ಮ್ಲಾಡೆನ್‌ಗೆ ಕೋಳಿಗೂಡು, ಕರುಳು, ನೆನೆಸಿಟ್ಟ ಬ್ರೆಡ್ಡು ಎಲ್ಲವೂ ಒಟ್ಟಿಗೆ ನೆನಪಾದವು. "ಕೇಳಿ ಎಲ್ರೂ. ನನ್ನ ತೀರ್ಮಾನ ಆಗಿದೆ. ಮುಂದಿನ ತಿಂಗಳಿಂದ ವ್ರೂಲಾಗೆ ಹಡಗಿಲ್ಲ! ಚಳಿಗಾಲ ಪೂರ್ತಿ ಇಲ್ಲ!"

ಇಡೀ ಊರು ದೊಬ್ರಿಲಾಳ ಕಡೆಗೆ ತಿರುಗಿತು. ಅವಳು ಬಹಳ ದಿನದಿಂದ ಬಯಸಿದ್ದ ನೋಟ ಅದು, ಆದರೆ ಈ ರೀತಿಯಲ್ಲಿ ಅಲ್ಲ. "ಮೊಣಕಾಲಿನ ತನಕ ಬಲ್ಲೋಳು" ಎಂದು ಯಾರೋ ಅಂದರು. ಬೇರೆ ಯಾರಾದರೂ ಆಗಿದ್ದರೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಹೋಗುತ್ತಿದ್ದರು. ದೊಬ್ರಿಲಾಳಿಗೆ ಸೆರಗಿರಲಿಲ್ಲ, ಹೋಗುವ ಮನಸ್ಸೂ ಇರಲಿಲ್ಲ. ಅವಳು ಗಂಡನ ಕಡೆಗೆ ತಿರುಗಿದಳು.

"ಶಿಮೆ, ಬಾಗಿಲು ತೆಗಿ."

ಶಿಮೆ ತೆಗೆದ. ಬೆಚ್ಚನೆಯ ಒದ್ದೆ ಗಾಳಿ ಒಳಗೆ ನುಗ್ಗಿ ದೀಪಗಳನ್ನೆಲ್ಲ ತೂಗಾಡಿಸಿತು.

"ಯಾವ ಗಾಳಿ?"

"ಯೂಗೊ" ಎಂದ ಶಿಮೆ. ಇಷ್ಟು ವರ್ಷದಲ್ಲಿ ಅವನ ಮಾತಿಗೆ ಅಷ್ಟು ತೂಕ ಬಂದದ್ದಿಲ್ಲ.

"ಹಾಗಾದ್ರೆ ಲೆಕ್ಕಕ್ಕಿಲ್ಲ" ಎಂದಳು ದೊಬ್ರಿಲಾ. "ನೀವು ಹೇಳಿದ್ದು ಯಾರಿಗೂ ಕೇಳಿಸ್ಲೇ ಇಲ್ಲ. ಗಾಳಿ ತಿರುಗಿದ ಮೇಲೆ ಹೇಳಿ."

"ಇದೇನು ಹುಚ್ಚು! ಅದು ನಿಮ್ಮೂರ ಪದ್ಧತಿ, ಕಂಪನೀದಲ್ಲ!"

"ಬೋರ್ಡ್ ಓದಿದ್ದು ಯಾರು? ಒಪ್ಪಿಗೆ ಅಂದಿದ್ದು ಯಾರು?"

"ಅಂದ್ರಪ್ಪಾ, ಅಂದ್ರು" ಎಂದಿತು ಊರು. ಹಡಗುಕಟ್ಟೆಯ ಮೇಲೆ ಎಲ್ಲರೂ ಕೇಳಿಸಿಕೊಂಡಿದ್ದರು.

"ನಾನು ನಿಮ್ಮ ಮಿದುಳಿನ ಬಗ್ಗೆ ಏನೋ ಅಂದೆ" ಎಂದು ದೊಬ್ರಿಲಾ ದನಿ ತಗ್ಗಿಸಿದಳು. "ಅದನ್ನ ಅಂದಾಗ್ಲೂ ಇದೇ ಗಾಳಿ. ಅದೂ ಲೆಕ್ಕಕ್ಕಿಲ್ಲ. ನ್ಯಾಯ ಅಂದ್ರೆ ಇಬ್ರಿಗೂ ಒಂದೇ."

ಮ್ಲಾಡೆನ್ ಪಾದ್ರಿಗಳ ಕಡೆ ನೋಡಿದ. ದೊನ್ ಫ್ರಾನೆ ಭುಜ ಕುಣಿಸಿದರು. "ನಾನೇ ಯೂಗೊ ಇರೋವಾಗ ಪಾಪನಿವೇದನೆ ಕೇಳಲ್ಲಪ್ಪ."

"ಆಯ್ತು! ನಾಳೆ ಹಡಗು ಹತ್ತೋವಾಗ ಹೇಳ್ತೀನಿ. ಯಾವ ಗಾಳಿ ಬೇಕಾದ್ರೂ ಇರ್ಲಿ, ಹೇಳ್ತೀನಿ!"

ಆದರೆ ಶನಿವಾರ ಹತ್ತುವುದಕ್ಕೆ ಹಡಗೇ ಬರಲಿಲ್ಲ. ಅಲೆ ಕಟ್ಟೆಯನ್ನು ದಾಟಿ ಬೋರ್ಡಿನ ಬುಡ ತೊಳೆಯುತ್ತಿತ್ತು. ಮ್ಲಾಡೆನ್ ಒದ್ದೆ ಸಾಕ್ಸಿನಲ್ಲಿ ನಿಂತು ಕಡಲನ್ನು ನೋಡಿದ, ಗೋಡೆಯ ಮೇಲಿನ ವೇಳೆಯನ್ನು ನೋಡಿದ, ಮತ್ತೆ ಕಡಲನ್ನು ನೋಡಿದ. ಭಾನುವಾರ ಅವನ ತಾಯಿಗೆ ಎಂಬತ್ತು ತುಂಬುತ್ತಿತ್ತು. ಸಂಜೆ ದೊಬ್ರಿಲಾಳ ಅಡುಗೆಮನೆಯ ಮೂಲೆಯಲ್ಲಿ ನಿಂತು ಫೋನ್ ಮಾಡಿದ.

"ಅಮ್ಮಾ, ನಾಳೆ ಬರಕ್ಕಾಗಲ್ಲ... ಹಡಗಿಲ್ಲ. ಇಲ್ಲ ಅಂದ್ರೆ ಏನು ಅಂದ್ರೆ? ಇಲ್ಲ ಅಂದ್ರೆ ಇಲ್ಲ! ಬಾತುಕೋಳಿ ಹುರಿದಿಟ್ಟಿದ್ದೀಯ, ಗೊತ್ತು... ಇಲ್ಲಮ್ಮ, ಬೇರೆ ದಾರಿ ಇಲ್ಲ. ಸುತ್ತ ನೀರು! ದ್ವೀಪ ಅಂದ್ರೆ ಹಾಗೇ ಇರತ್ತೆ! ನೀನು ಸ್ವಲ್ಪ ಅರ್ಥ ಮಾಡ್ಕೋ!"

ದೊಬ್ರಿಲಾ ಸಾರು ತಿರುವುತ್ತಿದ್ದಳು. ಮ್ಲಾಡೆನ್ ಫೋನನ್ನು ಅವಳ ಕಡೆಗೆ ಚಾಚಿದ. "ಅಮ್ಮ ನಂಬ್ತಿಲ್ಲ. ಮನೆಯವ್ರಿಗೆ ಕೊಡು ಅಂತಿದ್ದಾರೆ."

ದೊಬ್ರಿಲಾ ಕೈ ಒರೆಸಿಕೊಂಡು ತೆಗೆದುಕೊಂಡಳು. ಆಚೆ ಕಡೆಯವರು ಬಾರಿಚಾ ಎಂಬ ಮುದುಕಿ. ಮೊದಲು ಮಗನ ಎದೆಗೆ ಗಾಳಿ ತಗುಲದಂತೆ ನೋಡಿಕೊಳ್ಳಿ ಎಂದರು; ಎದುರುಬದುರು ಕಿಟಕಿ ಎಂಬ ಮಾತು ಬಂದದ್ದೇ ಇಬ್ಬರೂ ಒಂದೇ ಗರ್ಭದಲ್ಲಿ ಹುಟ್ಟಿದವರಂತೆ ಒಂದಾದರು. ಸಾರು ಕುದಿದು ಇಳಿದರೂ ಮಾತು ಇಳಿಯಲಿಲ್ಲ. ಬಾತುಕೋಳಿ ಆಯಿತು, ಮಂಡಿನೋವು ಆಯಿತು, ಯಾಸ್ನಾಳ ಹೆರಿಗೆ ಆಯಿತು. ಆಮೇಲೆ ಫೋನಿನಿಂದ ಬಂದ ದನಿ ಮೂಲೆಯಲ್ಲಿದ್ದವನಿಗೂ ಸ್ಪಷ್ಟವಾಗಿ ಕೇಳಿಸಿತು: "ಚೊಚ್ಚಲ ಹೆರಿಗೆಗೆ ತಾಯಿ ಹೋಗ್ಬಾರ್ದಾ? ಆ ಹಡಗು ನಿಲ್ಲಿಸ್ತಿರೋ ಮುಠ್ಠಾಳ ಯಾರು?"

ಮ್ಲಾಡೆನ್ ಕಣ್ಣು ಮುಚ್ಚಿದ.

ದೊಬ್ರಿಲಾ ಅವನನ್ನು ನೋಡಿದಳು. ಕತ್ತಿನಲ್ಲಿ ಉಣ್ಣೆಯ ಬಟ್ಟೆ, ಕೆಳಗೆ ಒದ್ದೆ ಸಾಕ್ಸು, ಹಿಮ್ಮಡಿಯಲ್ಲಿ ರಕ್ತದ ಕಲೆ. ಬೊಕ್ಕೆ ಅವಳಿಗೆ ಕಂಡದ್ದು ಆಗಲೇ. "ಯಾರೂ ಇಲ್ಲಮ್ಮ" ಎಂದಳು. "ಇನ್ನೂ ಏನೂ ತೀರ್ಮಾನ ಆಗಿಲ್ಲ. ಇಲ್ಲಿ ಯೂಗೊ ಇದೆ."

ಫೋನಿಟ್ಟು, ಶಿಮೆಯ ಉಣ್ಣೆಯ ಚಪ್ಪಲಿಗಳನ್ನು ತಂದು ಅವನ ಮುಂದಿಟ್ಟಳು. "ಹಾಕ್ಕೊಳ್ಳಿ. ತಣ್ಣನೆ ನೆಲ, ಕಿಡ್ನಿಗೆ ಹೊಡೆಯತ್ತೆ."

ಭಾನುವಾರ ಬಾತುಕೋಳಿಯನ್ನು ಝಾಗ್ರೆಬ್‌ನಲ್ಲಿ ಬೇರೆಯವರು ತಿಂದರು. ದೊಬ್ರಿಲಾ ತನ್ನ ಹುಂಜವೊಂದನ್ನು ಕೊಯ್ದಳು; ದ್ರಾಗುತಿನರು ಬಡಿಸಿದರು. ಬಡಿಸಿದ ಮೇಲೆಯೇ ಅವರಿಗೆ ರಜೆಯ ಸುಖ ಹತ್ತಿದ್ದು.

ಸೋಮವಾರ ಬೆಳಿಗ್ಗೆ ಬೂರ ಬೀಸಿತು. ಉತ್ತರದಿಂದ ಬರುವ ಒಣ ಗಾಳಿ ಇದು, ತಣ್ಣನೆಯದು. ಆಕಾಶವನ್ನು ಗಾಜಿನಂತೆ ಒರೆಸಿಡುತ್ತದೆ. ಅದು ಬೀಸುವಾಗ ಆಡಿದ ಮಾತು ಕಲ್ಲಿನ ಮೇಲೆ ಬರೆದಂತೆ. ಕಡಲು ಇಳಿದು ಹಡಗು ಬಂತು. ಊರೆಲ್ಲ ಕಟ್ಟೆಯ ಮೇಲೆ ಸೇರಿತು. ದೊಬ್ರಿಲಾ ಬೋರ್ಡಿಗೆ ಬೆನ್ನು ಕೊಟ್ಟು, ಮ್ಲಾಡೆನ್ ಹಡಗು ಹತ್ತುವ ಹಲಗೆಗೆ ಅಡ್ಡಲಾಗಿ ನಿಂತಳು.

"ಗಾಳಿ ತಿರುಗಿದೆ" ಎಂದಳು. "ಈಗ ಹೇಳಿ. ಇವತ್ತು ಹೇಳಿದ್ದು ಲೆಕ್ಕಕ್ಕಿದೆ. ಏನೇ ಹೇಳಿದ್ರೂ ನಾನು ದಾರಿ ಬಿಡ್ತೀನಿ."

ಮ್ಲಾಡೆನ್ ಗಂಟಲು ಸರಿಮಾಡಿಕೊಂಡ. ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ತೆಗೆದು ನೋಡಿದ, ಅವನ ಮುಖ ನೋಡಿಯೇ ಯಾರ ಫೋನೆಂದು ಊರಿಗೆಲ್ಲ ತಿಳಿಯಿತು. ಅವನು ಅದನ್ನು ಜೇಬಿಗೆ ಹಾಕಿಕೊಂಡು, ಬೋರ್ಡನ್ನು ಮೇಲಿನಿಂದ ಕೆಳಗೆ ಒಂದು ಸಲ ಓದಿದ, ಈ ಬಾರಿ ಯಾರೂ ಹೇಳದೆಯೇ.

"ಶುಕ್ರವಾರ ನಾನೇನೋ ಅಂದೆ ಅಂತ ಕೇಳ್ದೆ" ಎಂದ. "ನಂಗಂತೂ ನೆನಪಿಲ್ಲ. ಯೂಗೊ ಇತ್ತಲ್ಲ."

ದೊಬ್ರಿಲಾ ಪಕ್ಕಕ್ಕೆ ಸರಿದಳು. ಅವನು ಹಲಗೆಯ ಮೇಲೆ ಅರ್ಧ ನಡೆದು ಹಿಂದಿರುಗಿ ನೋಡಿದ. "ವಾರಕ್ಕೊಂದು ಸಲ. ಅದಕ್ಕಿಂತ ಹೆಚ್ಚು ಕೇಳ್ಬೇಡಿ."

"ನನ್ನ ಆಡುಗಳು?" ಎಂದಳು ಲೂಚೆ.

"ಖಂಡಿತ ಅಮ್ಮಾವ್ರೇ, ಈಗಲೇ" ಎಂದು ದ್ರಾಗುತಿನರು ಮ್ಲಾಡೆನ್‌ನ ಹಿಂದಿನಿಂದ ಹೇಳಿ, ನಾಲಿಗೆ ಕಚ್ಚಿಕೊಂಡರು.

ಹಡಗು ತಿರುಗಿದ ಮೇಲೆಯೇ ದೊಬ್ರಿಲಾ ಗಮನಿಸಿದ್ದು: ಶಿಮೆಯ ಉಣ್ಣೆಯ ಚಪ್ಪಲಿಗಳು ಮ್ಲಾಡೆನ್‌ನ ಕಾಲಲ್ಲೇ ಹೊರಟುಹೋಗಿದ್ದವು.

ಫೆಬ್ರವರಿಯಲ್ಲಿ ಕಡಲು ಎರಡು ದಿನ ಮುನಿಸಿಕೊಂಡಿತು, ಮೂರನೆಯ ದಿನ ಬಿಟ್ಟಿತು. ಸ್ಪ್ಲಿಟ್‌ನ ಆಸ್ಪತ್ರೆಯಲ್ಲಿ ಯಾಸ್ನಾ ಕಣ್ಣು ತೆರೆದಾಗ ಕಂಡದ್ದು ತಾಯಿಯ ಮುಖ. ಕಿಟಕಿ ಮುಚ್ಚಿದೆಯೇ ಎಂದು ಆ ಮುಖ ಆಗಲೇ ನರ್ಸನ್ನು ವಿಚಾರಿಸುತ್ತಿತ್ತು. ನರ್ಸು ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದಳು. ಸುತ್ತಿದ್ದು ಸಡಿಲವಾಗಿ ಮುಖ ಮುಚ್ಚಿಹೋಗಿ, ಕೆಳಗಿನ ಅಂಚಿನಿಂದ ಎರಡು ಕೆಂಪು ಪಾದಗಳು ಹೊರಗೆ ಬಂದಿದ್ದವು. ಚಪ್ಪಲಿಯಿಲ್ಲ, ಬೂಟಿಲ್ಲ, ಸಾಕ್ಸೂ ಇಲ್ಲ. ದೊಬ್ರಿಲಾ ಬಗ್ಗಿ ಅವನ್ನೇ ಬಹಳ ಹೊತ್ತು ನೋಡಿದಳು.

"ಅಮ್ಮಾ, ಹೇಗಿದಾಳೆ?" ಎಂದಳು ಯಾಸ್ನಾ.

ದೊಬ್ರಿಲಾ ಬಟ್ಟೆಯ ಮೇಲಂಚಿಗೆ ಕೈ ಹಾಕಿದಳು.

"ತಡಿ" ಎಂದಳು. "ಮುಖ ನೋಡಿ ಹೇಳ್ತೀನಿ."